ಹೊಗೆ ಎದ್ದ ಕಡೆ

ಆಲ್ಟ್‌ವೇರ್ಡ್, ೧೫೬೭ನೇ ಇಸವಿ, ಏಪ್ರಿಲ್ ೧೮

ಪ್ರೀತಿಯ ಬುರ್ಗೆಲ್,

ಇವತ್ತು ಬೆಳಿಗ್ಗೆ ಚೌಕದ ಕಾರಂಜಿಯ ಹತ್ತಿರ ರೊಟ್ಟಿ ಭಟ್ಟಿಯ ಯೋರ್ಗನ ಹೆಂಡತಿ ಕೊಡ ಹಿಡಿದು ನಿಂತಿದ್ದಳು. ಕೊಡ ತುಂಬಿ ಉಕ್ಕಿ ಅವಳ ಹೊಸ ಬೂಟುಗಳ ಮೇಲೆ ನೀರು ಹರಿಯುತ್ತಿತ್ತು. ಅವಳಿಗೆ ಅರಿವೇ ಇರಲಿಲ್ಲ, ಆಕಾಶ ನೋಡುತ್ತಿದ್ದಳು. ಅವಳ ಹಿಂದೆ ಸಾಲಿನಲ್ಲಿದ್ದವರೂ ಆಕಾಶವನ್ನೇ ನೋಡುತ್ತಿದ್ದುದರಿಂದ ಯಾರೂ ಅವಳನ್ನು ಬೈಯಲಿಲ್ಲ. ಹತ್ತು ದಿನದಿಂದ ನಮ್ಮ ಊರು ಹೀಗಿದೆ. ಮೇಲೆ ಈಗ ಏನೂ ಇಲ್ಲ, ಮೋಡ ಮಾತ್ರ.

ಸುದ್ದಿ ಆಗ್ಸ್‌ಬುರ್ಗ್‌ಗೂ ಮುಟ್ಟಿರಬಹುದು. ನಾನು ನೋಡಿದ್ದನ್ನಷ್ಟೇ ಬರೆಯುತ್ತೇನೆ. ಎಂಟನೆಯ ತಾರೀಖು, ಮಂಗಳವಾರ, ಸೂರ್ಯ ಹುಟ್ಟುವ ಹೊತ್ತು. ಅಟ್ಟದ ಕಿಟಕಿ ತೆಗೆದು ಹಾಳೆಗಳನ್ನು ಒಣಗಲು ಹಾಕುತ್ತಿದ್ದೆ. ಸೂರ್ಯನ ಎರಡು ಬದಿಯಲ್ಲೂ ಇನ್ನೊಂದೊಂದು ಸೂರ್ಯ, ಅವುಗಳ ಸುತ್ತ ನೆತ್ತರು ಬಣ್ಣದ ಕಮಾನು. ಆಮೇಲೆ ಕಪ್ಪು ಉಂಡೆಗಳು, ಕೆಂಪು ಉಂಡೆಗಳು. ಕೆಲವು ಸಾಲುಗಟ್ಟಿ, ಕೆಲವು ಒಂಟಿಯಾಗಿ, ಜಗಳವಾಡುವವರ ಹಾಗೆ ಒಂದರ ಮೇಲೊಂದು ನುಗ್ಗಿದವು. ಕೊನೆಗೆ ದೊಡ್ಡದೊಂದು ಉರಿಯುತ್ತ ಪೂರ್ವಕ್ಕೆ, ಕಾಡಿನ ಆಚೆ ಇಳಿಯಿತು. ಅಲ್ಲಿಂದ ಹೊಗೆ ಎದ್ದಿತು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಹಾಳೆ ಬೀದಿಗೆ ಬಿದ್ದುಹೋಗಿತ್ತು.

ಊರೆಲ್ಲ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರೆ ಯೋಬ್ಸ್ಟ್ ಚಿಕ್ಕಪ್ಪ ಏನು ಮಾಡಿದರು ಗೊತ್ತೇ? ಅಂಗಿಯ ಗುಂಡಿಯನ್ನೂ ಹಾಕದೆ ಕೆಳಗೆ ಅಚ್ಚಿನ ಮನೆಗೆ ಓಡಿ, ಚಿತ್ರ ಕೊರೆದು ಅಚ್ಚೊತ್ತಲು ಮರದ ಹಲಗೆ ಹುಡುಕಿದರು. "ನ್ಯೂರೆಂಬರ್ಗ್‌ನವರು ಆರು ವರ್ಷದಿಂದ ಮೆರೀತಿದ್ದಾರೆ, ನಮ್ಮ ಆಕಾಶದಲ್ಲಿ ಯುದ್ಧ ಆಯ್ತು ಅಂತ. ಹೋದ ವರ್ಷ ಬಾಸೆಲ್‌ನವರದ್ದು. ಈಗ ನೋಡು, ನಮ್ಮೂರಿಗೂ ಒಂದು ಆಕಾಶ ಬಂತು!" ಎಂದರು. ಭಯಪಡಬೇಕೋ ಹೆಮ್ಮೆಪಡಬೇಕೋ ತಿಳಿಯದೆ ಅವರ ಗಡ್ಡ ನಡುಗುತ್ತಿತ್ತು.

ಊರಿನ ಚಿತ್ರಕ್ಕೆ ಅಜ್ಜನ ಕಾಲದ ಹಳೆಯ ಅಚ್ಚೇ ಇತ್ತು. ಅದರ ಮೇಲೆ ಕೂರಿಸಲು ಆಕಾಶವನ್ನು ಮಾತ್ರ ಹೊಸದಾಗಿ ಕೊರೆಯಬೇಕಿತ್ತು. ನಾನು ಹೇಳುತ್ತ ಹೋದೆ, ಚಿಕ್ಕಪ್ಪ ಹಾಳೆಯ ಮೇಲೆ ಬರೆದರು; ನಾನು ಅದರ ಪ್ರತಿಯನ್ನು ಹಲಗೆಗೆ ಅಂಟಿಸಿದೆ, ಅವರು ಕೊರೆದರು. ನಿನ್ನೆ ಅಚ್ಚಾಯಿತು. ಇವತ್ತಿನಿಂದ ಬಣ್ಣ ಹಾಕುವುದು ನನ್ನ ಪಾಲು. ಕೆಂಪು ಬಳಿಯಲೆಂದು ಉಂಡೆಗಳ ಜಾಗದಲ್ಲಿ ತೂತು ಕೊರೆದ ಹಾಳೆ ಮೊದಲು ಚಿತ್ರದ ಮೇಲೆ ಸರಿಯಾಗಿ ಕೂರಲೇ ಇಲ್ಲ. ತಿರುಗಿಸಿ ಇಟ್ಟ ಮೇಲೆ ಕೂತಿತು. ಇನ್ನೂರು ಹಾಳೆಗೆ ಬಣ್ಣ ಹಾಕಿದೆ. ಬೆರಳು ನೋಡಿದರೆ ಕೋಳಿ ಕೊಯ್ದವಳ ಹಾಗಿದ್ದೇನೆ.

ನಿನ್ನ ಅಮ್ಮ ಗಟ್ಟಿಯಾಗಿದ್ದಾರೆ. ಆ ದಿನ ಆಕಾಶ ಅಷ್ಟು ರಂಪ ಮಾಡಿದರೂ ಹೊಳೆದಂಡೆಯಲ್ಲಿ ಬಟ್ಟೆ ಹಿಂಡುತ್ತಲೇ ಇದ್ದರಂತೆ. ಕೇಳಿದರೆ, "ಲೋಕ ಮುಳುಗೋದಾದ್ರೆ ಮುಳುಗಲಿ, ಒದ್ದೆ ಬಟ್ಟೆ ಇಟ್ಕೊಂಡು ಮುಳುಗ್ಲಾ?" ಎಂದರು. ಹೆರಿಗೆಗೆ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದಾರೆ. ಉತ್ತರವನ್ನು ಗಾಡಿಯ ಲೀನ್‌ಹಾರ್ಟನ ಕೈಯಲ್ಲೇ ಕಳಿಸು. ನಾನೇ ಹೋಗಿ ಅವರಿಗೆ ಓದಿ ಹೇಳುತ್ತೇನೆ.

ನಿನ್ನ
ಓಟಿಲಿ

---

ಆಗ್ಸ್‌ಬುರ್ಗ್, ಮೇ ೪

ಓಟಿಲಿ,

ನಿನ್ನ ಕಾಗದ ಬರುವ ಮೊದಲೇ ನಿನ್ನ ಚಿಕ್ಕಪ್ಪನ ಆಕಾಶ ಬಂದಿತ್ತು. ನಮ್ಮ ಬೀದಿಯಲ್ಲಿ ಸೂಜಿ ಮಾರುವವನು ಅದನ್ನು ಕೋಲಿಗೆ ಸಿಕ್ಕಿಸಿಕೊಂಡು ಕೂಗುತ್ತಿದ್ದ. "ನಮ್ಮೂರು! ನನ್ನ ಗೆಳತಿಯೇ ಬಣ್ಣ ಹಾಕಿದ್ದು!" ಎಂದು ನಾನು ದೊಡ್ಡ ಹೊಟ್ಟೆ ಹೊತ್ತುಕೊಂಡು ಮೆಟ್ಟಿಲಿಳಿದು ಓಡಿದೆ. ಗಂಡನ ಮಗ್ಗದ ಮನೆಯವರನ್ನೆಲ್ಲ ಕರೆದು, "ಇದು ಚರ್ಚು, ಇದು ಪಶ್ಚಿಮದ ಬಾಗಿಲು, ಇದು ಹೊಳೆ, ಇಗೋ ಬಾಗಿಲಿನ ಆಚೆ ಒಂಟಿಯಾಗಿದೆಯಲ್ಲ, ಅದೇ ನಮ್ಮ ಮನೆ" ಎಂದು ಬೆರಳಿಟ್ಟು ತೋರಿಸಿದೆ. ಆಗ ನನ್ನ ಬೆರಳು ಎಲ್ಲಿದೆ ಎಂದು ನಾನೇ ನೋಡಿದೆ.

ಉರಿಯುವ ಉಂಡೆ ಬಿದ್ದು ಹೊಗೆ ಏಳುತ್ತಿರುವುದು ನಮ್ಮ ಮನೆಯ ಮೇಲೆ.

ನಿನ್ನ ಕಾಗದದಲ್ಲಿ ಕಾಡಿನ ಕಡೆ ಎಂದಿದೆ. ಹತ್ತು ಸಲ ಓದಿದೆ. ನಿನ್ನನ್ನು ನಾನು ಆರನೇ ವರ್ಷದಿಂದ ಬಲ್ಲೆ. ಶಾಲೆಯ ದಿನಗಳಲ್ಲಿ ನನ್ನ ಬೆಕ್ಕು ಸತ್ತಾಗ ಅದು ಓಡಿಹೋಯಿತು ಎಂದವಳು ನೀನು. ಬಸುರಿಗೆ ಗಾಬರಿಯಾಗಬಾರದೆಂದು ಈಗಲೂ ಹಾಗೇ ಮಾಡಿದ್ದೀಯ. ಸಾವಿರ ಜನ ನೋಡುವ ಹಾಳೆಯಲ್ಲಿ ಸುಳ್ಳು ಹಾಕುತ್ತಾರೆಯೇ? ಅಡಿಯಲ್ಲಿ "ಕಣ್ಣಾರೆ ಕಂಡವರ ಮಾತಿನಂತೆ" ಎಂದು ಬೇರೆ ಇದೆ.

ಮನೆ ಉಳಿದಿದೆಯೇ? ಅಮ್ಮನಿಗೆ ಸುಟ್ಟ ಗಾಯವೇನಾದರೂ ಆಗಿದೆಯೇ? ನಿಜ ಬರೆ. ಇನ್ನೊಂದು ಬೆಕ್ಕಿನ ಕತೆ ಬೇಡ.

ಬುರ್ಗೆಲ್

---

ಆಲ್ಟ್‌ವೇರ್ಡ್, ಮೇ ೧೩

ಪ್ರೀತಿಯ ಬುರ್ಗೆಲ್,

ಮನೆ ಇದೆ. ಅಮ್ಮ ಇದ್ದಾರೆ. ಒಂದು ಹೆಂಚೂ ಅಲುಗಿಲ್ಲ. ಇದನ್ನು ಬೈಬಲ್ ಮುಟ್ಟಿ ಬರೆಯುತ್ತಿದ್ದೇನೆ.

ಚಿತ್ರ ಎಂದರೆ ಚಿತ್ರವೇ. ಇಷ್ಟು ಉದ್ದದ ಆಕಾಶವನ್ನು ಗೇಣು ಹಲಗೆಯಲ್ಲಿ ಹಿಡಿಸುವಾಗ ಅಲ್ಲಿಯದು ಇಲ್ಲಿ, ಇಲ್ಲಿಯದು ಅಲ್ಲಿ ಆಗುತ್ತದೆ. ಅದನ್ನು ಬೆರಳಿಟ್ಟು ಅಳೆಯಬೇಡ.

ನಿನ್ನೆ ಸಂಜೆ ನಿನ್ನ ಅಮ್ಮನ ಜೊತೆ ಬಹಳ ಹೊತ್ತು ಕುಳಿತಿದ್ದೆ. ಅವರಿಗೆ ಈಗ ಮೊದಲಿನಷ್ಟು ಕೆಲಸವಿಲ್ಲ. ಹುಲ್ಲಿನ ಮೇಲೆ ಬಟ್ಟೆ ಹರಡದೆ ಇದ್ದುದರಿಂದ ಹಳದಿ ಹೂಗಳು ಎಷ್ಟೊಂದು ಅರಳಿವೆ! ಬಾತುಗಳು ಅದರಲ್ಲೇ ಓಡಾಡುತ್ತಿದ್ದವು. ನನಗೆ ಹುಳಿ ರೊಟ್ಟಿಯ ಸಾರು ಮಾಡಿ ಬಡಿಸಿದರು. "ನೀನು ಸೊರಗಿದೀಯಲ್ಲೇ ಓಟಿಲಿ, ಬಣ್ಣವನ್ನೇನಾದ್ರೂ ತಿಂತೀಯಾ?" ಎಂದು ಕೇಳಿದರು. ಚಿಕ್ಕಪ್ಪ ಎರಡನೆಯ ಸಲ ಅಚ್ಚು ಹಾಕಿಸಿದ್ದಾರೆ. ನಿದ್ದೆ ಸ್ವಲ್ಪ ಕಡಿಮೆ, ಅಷ್ಟೇ.

ಚಿತ್ರವನ್ನು ಎಲ್ಲಿಯಾದರೂ ಒಳಗೆ ಇಟ್ಟುಬಿಡು.

ಓಟಿಲಿ

---

ಆಗ್ಸ್‌ಬುರ್ಗ್, ಮೇ ೨೯

ಪ್ರೀತಿಯ ಓಟಿಲಿ,

ಅಮ್ಮ ಕೂತು ಹೂ ನೋಡುವಷ್ಟು ಬಿಡುವು ಮಾಡಿಕೊಂಡಿದ್ದಾಳೆ ಎಂದು ಓದಿ ಸಮಾಧಾನವಾಯಿತು. ಮೂವತ್ತು ವರ್ಷ ಊರಿನವರ ಕೊಳೆ ತೊಳೆದಿದ್ದಾಳೆ, ಸಾಕು. ಅವಳ ಬೆನ್ನುನೋವಿಗೆ ಒಳ್ಳೆಯದು.

ಆದರೆ ಇನ್ನೊಂದು ವಿಷಯ. ಇದನ್ನು ಯಾರ ಹತ್ತಿರವೂ ಹೇಳಲಾರೆ. ಉಂಡೆ ನಮ್ಮ ಮನೆಯ ಮೇಲೆ ಬಿತ್ತು, ಆದರೆ ಏನನ್ನೂ ಸುಡಲಿಲ್ಲ ಎಂದರೆ ಅದು ಬೆಂಕಿಯಲ್ಲ, ಗುರುತು. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. ಅತ್ತೆ ಊಟಕ್ಕೆ ಕೂತಾಗ ನನ್ನ ಬಟ್ಟಲನ್ನು ಈಗ ಬೇರೆ ಇಡುತ್ತಾರೆ. "ನಿನ್ನ ಮೇಲೇನೂ ಇಲ್ಲಮ್ಮ, ಹೊಟ್ಟೇಲಿರೋದು ನಮ್ಮ ಮನೆಯ ಕೂಸು ನೋಡು" ಎನ್ನುತ್ತಾರೆ. ಎಷ್ಟು ಮೆತ್ತಗೆ ಹೇಳುತ್ತಾರೆಂದರೆ ತಿರುಗಿ ಜಗಳವಾಡಲೂ ಆಗುವುದಿಲ್ಲ. ಗಂಡ ಮಗ್ಗದ ಕಡೆ ಮುಖ ಮಾಡಿಕೊಂಡು ಕೂರುತ್ತಾನೆ.

ಅಮ್ಮ ಏನು ಮಾಡಿರಬಹುದು ಓಟಿಲಿ? ಅಪ್ಪ ತೀರಿಕೊಂಡ ವರ್ಷ ಅವಳು ಎರಡು ವಾರ ಊರಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಾರದೆಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ಕೇಳದೆ ಇರಲಾರೆ. ಈ ಕೆಳಗಿನದನ್ನು ಅವಳಿಗೆ ಓದಿ ಹೇಳು:

ಅಮ್ಮಾ, ಮಾಡಿದ್ದೇನಿದ್ದರೂ ಪಾದ್ರಿಯ ಮುಂದೆ ಹೇಳಿಕೊಂಡುಬಿಡು. ನನ್ನ ಕೂಸು ಹುಟ್ಟುವುದರೊಳಗೆ ಹೇಳಿಕೊಂಡುಬಿಡು.

ಬುರ್ಗೆಲ್

---

ಆಲ್ಟ್‌ವೇರ್ಡ್, ಜೂನ್ ೧೦

ಬುರ್ಗೆಲ್,

ನಿನ್ನ ಕಾಗದ ಹಿಡಿದು ಹೊಳೆದಂಡೆಗೆ ಹೋದೆ. ನಿನ್ನ ಅಮ್ಮ ಮೇಲಂಗಿಗೆ ಕೈ ಒರೆಸಿಕೊಂಡು ಎದುರು ಕೂತರು. ಅವರಿಗೆ ಓದು ಬರುವುದಿಲ್ಲ. ನಾನು ಓದುವಾಗ ನನ್ನ ತುಟಿಯನ್ನೇ ನೋಡುತ್ತಾರೆ. ಮೊದಲ ಭಾಗ ಓದಿದೆ. ಕೊನೆಯ ಸಾಲುಗಳ ಹತ್ತಿರ ಬಂದಾಗ ನನ್ನ ಬಾಯಿಂದ ಬೇರೆ ಏನೋ ಬಂತು. ಕೂಸಿಗೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ಬರೆದಿದ್ದಾಳೆ ಎಂದೆ. "ಇದ್ಯಾಕೆ ಓದುವಾಗ ಅಳ್ತೀಯೇ? ನನ್ನ ಹೆಸರು ಅಷ್ಟು ಕೆಟ್ಟದಾಗಿದೆಯಾ?" ಎಂದು ನಕ್ಕರು.

ಇನ್ನು ಸಾಧ್ಯವಿಲ್ಲ. ಎಲ್ಲ ಬರೆದುಬಿಡುತ್ತೇನೆ.

ಹೊಗೆ ಎದ್ದದ್ದು ಪೂರ್ವಕ್ಕೇ. ನನ್ನ ಮೊದಲ ಕಾಗದವೇ ನಿಜ, ಸಾವಿರ ಹಾಳೆಯೂ ಸುಳ್ಳು. ಸುಳ್ಳು ಮಾಡಿದವಳು ನಾನು.

ಬರೆದ ಹಾಳೆಯನ್ನು ಹಲಗೆಗೆ ಬೋರಲಾಗಿ ಅಂಟಿಸಬೇಕು. ಆಗ ಕೊರೆದ ಅಚ್ಚು ತಿರುಗುಮುರುಗಾಗಿರುತ್ತದೆ, ಅದರಿಂದ ಒತ್ತಿದ ಚಿತ್ರ ನೇರವಾಗಿ ಬರುತ್ತದೆ. ನಾನು ಹನ್ನೆರಡನೇ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆ ದಿನ ಕಿಟಕಿಯ ಕಡೆಗೆ, ಇನ್ನೂ ಏನಾದರೂ ಕಾಣುತ್ತದೆಯೋ ಎಂದು ನೋಡುತ್ತ ನೋಡುತ್ತ, ಹಾಳೆಯನ್ನು ಮುಖ ಮೇಲಾಗಿ ಅಂಟಿಸಿದೆ. ಆಕಾಶ ಎಡಬಲವಾಯಿತು. ಕೆಳಗಿನ ಊರು ಅಜ್ಜನ ಅಚ್ಚು, ಅದು ಸರಿಯಾಗಿಯೇ ಇತ್ತು. ಚಿತ್ರದಲ್ಲಿ ಸೂರ್ಯ ನಡುವೆ ಇದ್ದುದರಿಂದ, ಉಂಡೆ ಎತ್ತ ಓಡಿದರೂ ಉಂಡೆಯೇ ಆದ್ದರಿಂದ, ಚಿಕ್ಕಪ್ಪನ ಕಣ್ಣಿಗೂ ಬೀಳಲಿಲ್ಲ. ಕಾಡಿನ ಮೇಲೆ ಬರಬೇಕಾದ ಹೊಗೆ ನಿಮ್ಮ ಮನೆಯ ಮೇಲೆ ಕೂತಿತು. ಬಣ್ಣದ ಹಾಳೆ ತಿರುಗಿಸಿದರೆ ಮಾತ್ರ ಕೂರುತ್ತಿದೆ ಎಂದು ಬರೆದಿದ್ದೆನಲ್ಲ, ಅದನ್ನು ಚಿಕ್ಕಪ್ಪ ಬರೆದಿಟ್ಟ ಮೂಲ ಚಿತ್ರದಿಂದ ಕೊರೆದದ್ದು, ಅದು ಸರಿಯಾಗಿಯೇ ಇತ್ತು. ನಾಲ್ಕನೆಯ ದಿನ ಇದು ನನಗೆ ಹೊಳೆಯಿತು. ಅಷ್ಟು ಹೊತ್ತಿಗೆ ಆರುನೂರು ಹಾಳೆ ಊರು ಬಿಟ್ಟಿದ್ದವು.

ಚಿಕ್ಕಪ್ಪನಿಗೆ ಹೇಳಿದೆ. ಅವರು ಮೂಲ ಚಿತ್ರವನ್ನೂ ಅಚ್ಚಾದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಆರುನೂರು ಮನೆಗೆ ಹೋಗಿ, ಸ್ವಾಮಿ, ಆಕಾಶವನ್ನ ಸ್ವಲ್ಪ ತಿರುಗಿಸಿ ನೋಡಿ ಅಂತೀಯಾ?" ಎಂದರು.

"ಹೊಸದಾಗಿ ಕೊರೆಯೋಣ ಚಿಕ್ಕಪ್ಪ."

"ನಗರಸಭೆಯ ಮುಂದೆ ಕೈ ಎತ್ತಿ ಆಣೆ ಮಾಡಿದೀನಿ ಕಣೇ, ಕಂಡದ್ದು ಕಂಡ ಹಾಗೇ ಇದೆ ಅಂತ. ಸುಳ್ಳು ಆಣೆ ಮಾಡಿದ ಅಚ್ಚಿನವನ ಬಾಗಿಲಿಗೆ ಮೊಹರು ಹಾಕ್ತಾರೆ. ನೀನೆಲ್ಲಿಗೆ ಹೋಗ್ತೀಯ, ನಾನೆಲ್ಲಿಗೆ ಹೋಗ್ಲಿ?" ಆಮೇಲೆ ದನಿ ತಗ್ಗಿಸಿ, "ಜನ ಮರೀತಾರೆ ಬಿಡು, ಮಗಳೇ" ಎಂದರು.

ಜನ ಮರೆಯಲಿಲ್ಲ. ಭಟ್ಟಿಯ ಯೋರ್ಗ ಆ ದಿನ ಬೆಳಿಗ್ಗೆ ಕಾಡಿನ ಕಡೆ ಕೈ ತೋರಿಸಿ ಕಿರುಚಿದ್ದನ್ನು ನಾನೇ ನೋಡಿದ್ದೇನೆ. ಈಗ ಅವನು ಚಿತ್ರವನ್ನು ಅಂಗಡಿಯ ಗೋಡೆಗೆ ಹಚ್ಚಿಕೊಂಡಿದ್ದಾನೆ. ಬಂದವರಿಗೆಲ್ಲ ಪಶ್ಚಿಮಕ್ಕೆ ಕೈ ತೋರಿಸುತ್ತಾನೆ. ಸುಳ್ಳು ಹೇಳುತ್ತಿಲ್ಲ ಬುರ್ಗೆಲ್, ಅವನಿಗೆ ಈಗ ನೆನಪಿರುವುದೇ ಹಾಗೆ.

ಮೊದಲು ಜನ ಬಟ್ಟೆ ಒಗೆಯಲು ಕೊಡುವುದನ್ನು ನಿಲ್ಲಿಸಿದರು. ಅಮ್ಮನಿಗೆ ಬಿಡುವಿದೆ ಎಂದು ನಾನು ಬರೆದದ್ದು ಅದನ್ನೇ. ಆಮೇಲೆ ಯಾರೋ ಎರಡು ಬಾತುಗಳ ಕತ್ತು ಮುರಿದು ಬಾಗಿಲಲ್ಲಿ ಹಾಕಿದರು. ಮೊನ್ನೆ ನಗರಸಭೆಯಿಂದ ಆಜ್ಞೆ ಬಂತು: ದೇವರು ಗುರುತು ಹಾಕಿದ ಮನೆ ಊರ ಬಾಗಿಲಲ್ಲಿರಬಾರದು, ಜುಲೈ ಇಪ್ಪತ್ತೈದು, ಸಂತ ಯಾಕೋಬನ ಹಬ್ಬದಂದು ಅದನ್ನು ಕೆಡವತಕ್ಕದ್ದು. ಅಮ್ಮನನ್ನು ಕುಷ್ಠರೋಗಿಗಳ ಛತ್ರದಲ್ಲಿ ಬಟ್ಟೆ ಒಗೆಯಲು ಇಡುತ್ತಾರಂತೆ. ಅದರೊಳಗೆ ಹೋದವರನ್ನು ಹೊರಗೆ ಬಿಡುವುದಿಲ್ಲ.

ಆ ಎರಡು ವಾರ ನಿನ್ನ ಅಮ್ಮ ಎಲ್ಲಿಗೆ ಹೋಗಿದ್ದರೆಂದು ಇವತ್ತು ಕೇಳಿದೆ. ನಿನ್ನ ಅಪ್ಪ ಆಗ್ಸ್‌ಬುರ್ಗ್‌ನ ನೇಕಾರರ ಮನೆಯಲ್ಲಿ ನಿನಗೆ ಗಂಡು ನೋಡಿ ಮಾತು ಕೊಟ್ಟು ಸತ್ತಿದ್ದರಲ್ಲ, ಆ ಮನೆಯವರು ಒಳ್ಳೆಯವರೋ ಅಲ್ಲವೋ ಎಂದು ನೋಡಲು ನಡೆದುಕೊಂಡು ಹೋಗಿದ್ದರಂತೆ. ಅಲ್ಲಿದ್ದಷ್ಟು ದಿನ ನಿಮ್ಮ ಬೀದಿಯಲ್ಲಿ ಬಟ್ಟೆ ಒಗೆದು, ನಿನ್ನ ಅತ್ತೆಯ ಬಾಯಿ ಎಂಥದೆಂದು ಕೇಳಿಸಿಕೊಂಡು ಬಂದರಂತೆ. "ಜೋರಾಗಿ ಬೈಯೋಳಲ್ಲ, ಮೆತ್ತಗೆ ಚುಚ್ಚೋಳು. ನಮ್ಮ ಹುಡುಗಿ ತಡ್ಕೋತಾಳೆ ಅಂತ ಅಂದ್ಕೊಂಡೆ" ಎಂದರು.

ಓಟಿಲಿ

---

ಆಗ್ಸ್‌ಬುರ್ಗ್, ಜೂನ್ ೨೧

ಹದಿನೇಳರಂದು ಹೆಣ್ಣು ಮಗು ಹುಟ್ಟಿತು. ಇದನ್ನು ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕಾಣದಿದ್ದರೆ ಕಷ್ಟಪಟ್ಟು ಓದು.

ಅಮ್ಮನನ್ನು ಇಲ್ಲಿಗೆ ಕರೆಸುತ್ತೇನೆ ಎಂದೆ. ಕೂಸಿರುವ ಮನೆಗೆ ಆಕಾಶವೇ ಗುರುತಿಸಿದ ಹೆಂಗಸು ಬೇಡ ಎಂದರು ಅತ್ತೆ. ಅದೆಲ್ಲ ನನ್ನ ಗೆಳತಿಯ ತಪ್ಪು, ಹಾಳೆ ಅಂಟಿಸಿದ್ದು ಹೀಗೆ ಎಂದು ವಿವರಿಸಿದೆ. ಹೆರಿಗೆಯ ಜ್ವರದಲ್ಲಿ ಮಾತಾಡುತ್ತಿದ್ದಾಳೆ ಎಂದುಕೊಂಡರು. ಬಾಣಂತಿಯಾದ ನಾನು ನಾಲ್ಕು ವಾರ ಹೊಸ್ತಿಲು ದಾಟುವ ಹಾಗಿಲ್ಲ.

ಏಳು ವಾರ ನಿನಗೆ ಗೊತ್ತಿತ್ತು. ಏಳು ವಾರ ನೀನು ನನ್ನ ಅಮ್ಮನ ಕೈಯಿಂದ ಸಾರು ಉಂಡು ಬಂದೆ. ನಾನು ನನ್ನ ಅಮ್ಮನನ್ನೇ ಪಾಪಿ ಎಂದುಕೊಳ್ಳುವ ಹಾಗೆ ನೀನು ಮಾಡಿದೆ.

ಹೋಗಿ ಹೇಳು. ಚಿಕ್ಕಪ್ಪನಿಗಲ್ಲ, ಅಮ್ಮನಿಗೆ ಹೇಳು. ಸಭೆಗೆ ಹೇಳು. ಹೇಳಿದ ಮೇಲೆ ಮಾತ್ರ ನನಗೆ ಬರೆ.

---

ಆಲ್ಟ್‌ವೇರ್ಡ್, ಜುಲೈ ೬

ಬುರ್ಗೆಲ್,

ಹೇಳಿದೆ.

ಮೊದಲು ನಿನ್ನ ಅಮ್ಮನಿಗೆ. ನನ್ನ ಮಾತು ಮುಗಿಯುವ ತನಕ ಬಟ್ಟೆ ಬಡಿಯುವ ಹಲಗೆಯನ್ನು ಕೈಯಲ್ಲಿ ಹಿಡಿದೇ ಇದ್ದರು. "ಅಯ್ಯೋ ಪುಣ್ಯಾತ್ಗಿತ್ತಿ, ಇಡೀ ಆಕಾಶವನ್ನೇ ಉಲ್ಟಾ ಉಡಿಸ್ಬಿಟ್ಯಲ್ಲೇ" ಎಂದರು. ನಾನು ನಗಬೇಕೆಂದು ಹಾಗೆ ಹೇಳಿದರೆಂದು ಕಾಣುತ್ತದೆ. ಆಮೇಲೆ ತಮ್ಮದೇ ಒಂದು ಹಳೆಯ ಹೊದಿಕೆಯನ್ನು ನೀರಿಗೆ ಅದ್ದಿ ಬಡಿಯತೊಡಗಿದರು. ಅದು ಆಗಲೇ ಒಗೆದದ್ದು. ಕತ್ತಲಾಗುವ ತನಕ ನನ್ನ ಕಡೆ ತಿರುಗಲಿಲ್ಲ.

ಮರುದಿನ ಸಭೆಗೆ ಹೋದೆ. ನನ್ನ ದನಿ ನಿನಗೆ ಗೊತ್ತು, ಶಾಲೆಯಲ್ಲಿ ಮೂರನೇ ಬೆಂಚಿಗೂ ಕೇಳುತ್ತಿರಲಿಲ್ಲ. "ಗಟ್ಟಿಯಾಗಿ ಹೇಳಮ್ಮ, ನಾವೇನು ದೇವದೂತರಾ?" ಎಂದು ಒಬ್ಬರು ಗದರಿದರು. ಮೂಲ ಚಿತ್ರ, ಅಚ್ಚು, ಬಣ್ಣದ ಹಾಳೆ, ಮೂರನ್ನೂ ಮೇಜಿನ ಮೇಲಿಟ್ಟು ತೋರಿಸಿದೆ. ನೋಡಿದರು, ಅರ್ಥವೂ ಮಾಡಿಕೊಂಡರು. ತಪ್ಪು ನನ್ನದು, ಚಿಕ್ಕಪ್ಪನಿಗೆ ತಿಳಿಯದೆ ಆದದ್ದು ಎಂದೆ. ಅವರ ಆಣೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಆಗ ಪಾದ್ರಿ ಎಂಡ್ರೆಸ್ ಕೇಳಿದರು, "ಮಗಳೇ, ಇದುವರೆಗೂ ಎಷ್ಟು ಹಾಳೆ ಅಂಟಿಸಿದೀಯ?"

"ನೆನಪಿಲ್ಲ ಸ್ವಾಮಿ. ಒಂಬತ್ತು ವರ್ಷದಿಂದ ಅಂಟಿಸ್ತಿದೀನಿ."

"ಎಷ್ಟು ಸಲ ತಪ್ಪಿದೀಯ?"

"ಇದೇ ಮೊದಲು."

"ಒಂಬತ್ತು ವರ್ಷ ತಪ್ಪದ ಕೈ, ದೇವರು ಆಕಾಶದಲ್ಲಿ ಮಾತಾಡಿದ ದಿನವೇ ತಪ್ಪಿತು. ಆ ಕೈಯನ್ನ ತಿರುಗಿಸಿದೋರು ಯಾರು?"

ನಾನು, ಸ್ವಾಮಿ, ನಾನು ಕಿಟಕಿ ನೋಡುತ್ತಿದ್ದೆ ಎಂದೆ. ಯಾರಿಗೂ ಕೇಳಿಸಲಿಲ್ಲ. ಅವರೆಲ್ಲ ಆಗಲೇ ಭಕ್ತಿಯಿಂದ ಟೋಪಿ ತೆಗೆದಿದ್ದರು.

ಉಂಡೆ ಬಿದ್ದದ್ದು ಕಾಡಿನಲ್ಲಿ, ಆದರೆ ಬೀಳಬೇಕಾದ ಮನೆ ಯಾವುದೆಂದು ದೇವರು ನನ್ನ ಕೈಯಿಂದ ತೋರಿಸಿದ. ಈಗ ಊರಿನ ಮಾತು ಇದು. ಆಜ್ಞೆ ಹಾಗೆಯೇ ನಿಂತಿದೆ. ನಾನು ತಂದಿಟ್ಟ ಮೂರೂ ಸಾಕ್ಷಿಗಳನ್ನು ಚರ್ಚಿನಲ್ಲಿ ಇಟ್ಟಿದ್ದಾರೆ. ಯೋರ್ಗನ ಹೆಂಡತಿ ಮೊನ್ನೆ ತನ್ನ ಮಗುವನ್ನು ತಂದು, "ಇವನಿಗೆ ಕೆಮ್ಮು ಬಿಡ್ತಾ ಇಲ್ಲ, ಒಂದ್ಸಲ ಮುಟ್ಟೇ ತಾಯಿ" ಎಂದು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಒಳಗೆ ಓಡಿದೆ. ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಪಾಪ, ನಾಚಿಕೆ ಸ್ವಭಾವ" ಎಂದು ಜನರಿಗೆ ಹೇಳುತ್ತಿದ್ದರು. ಅವರಿಗೆ ಈಗ ಭಯವಿಲ್ಲ. ಮೂರನೆಯ ಸಲ ಅಚ್ಚು ಹಾಕಿಸುತ್ತಿದ್ದಾರೆ. ಅಡಿಯಲ್ಲಿ ನನ್ನ ಹೆಸರು ಬರುತ್ತದಂತೆ.

ಎರಡು ದಿನ ಅಟ್ಟದಲ್ಲಿ ಕೂತೇ ಇದ್ದೆ. ಸುಳ್ಳು ಹೇಳಿದಾಗ ಒಂದು ಗೋಡೆ ಇತ್ತು. ನಿಜ ಹೇಳಿದ ಮೇಲೆ ನಾಲ್ಕೂ ಕಡೆ ಗೋಡೆ ಎದ್ದಿತು. ಇನ್ನು ನಾನು ಏನು ಹೇಳಿದರೂ ಅದನ್ನು ದೇವರ ಬಾಯಿಗೆ ಹಾಕುತ್ತಾರೆ. ಹೇಳುವುದರಿಂದ ಇನ್ನು ಏನೂ ಆಗುವುದಿಲ್ಲ ಎಂದು ಅಲ್ಲಿ ಕೂತಾಗ ತಿಳಿಯಿತು. ಆದರೆ ಈ ಕೈಯನ್ನು ಎಲ್ಲಿಗಾದರೂ ಒಯ್ದು ಇಡಬಹುದಲ್ಲ.

ಇವತ್ತು ಭಾನುವಾರ. ಪ್ರಾರ್ಥನೆ ಬಿಟ್ಟ ಹೊತ್ತು, ಊರೆಲ್ಲ ಚೌಕದಲ್ಲಿರುತ್ತದೆ. ಹಾಸಿಗೆ ಸುತ್ತಿ, ಎರಡು ಅಂಗಿ ಗಂಟು ಕಟ್ಟಿದ್ದೇನೆ. ಇವನ್ನು ಹೊತ್ತು ಅವರ ನಡುವೆಯೇ ನಡೆದು ಪಶ್ಚಿಮದ ಬಾಗಿಲು ದಾಟುತ್ತೇನೆ. ನಿಮ್ಮ ಮನೆಯಲ್ಲೇ ಬಂದು ಇರಲೇ ಎಂದು ನಿನ್ನೆ ನಿನ್ನ ಅಮ್ಮನನ್ನು ಕೇಳಲು ಹೋಗಿದ್ದೆ. ಒಳಗೆ ಕರೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. "ಕಿಟಕಿ ಕಡೆಯ ಮಂಚದ ಕಾಲು ಅಲ್ಲಾಡುತ್ತೆ" ಎಂದರು. ಅಷ್ಟೇ ಸಾಕಾಯಿತು.

ನಾಳೆಯಿಂದ ಆ ಹುಲ್ಲಿನ ಮೇಲೆ ಬಟ್ಟೆ ಹರಡುವವಳು ನಾನು. ದೇವರು ಹಿಡಿದ ಕೈ ಎಂದು ಅವರೇ ಹೇಳಿದ್ದಾರೆ. ಸಂತ ಯಾಕೋಬನ ಹಬ್ಬದ ದಿನ ಗುದ್ದಲಿ ಹಿಡಿದು ಬರುವವರು ಆ ಕೈಯನ್ನು ಹೊಸ್ತಿಲಿನಿಂದ ಕಿತ್ತು ಒಳಗೆ ಬರಬೇಕು. ಕೀಳುತ್ತಾರೋ ಬಿಡುತ್ತಾರೋ ನನಗೆ ಗೊತ್ತಿಲ್ಲ. ಕಿತ್ತರೆ, ಛತ್ರಕ್ಕೆ ಇಬ್ಬರನ್ನೂ ಕಳಿಸಲಿ.

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯಲಿಲ್ಲ. ನೀನು ನನಗೆ ಬರೆಯುವುದಾದರೆ, ಚಿಕ್ಕಪ್ಪನ ಮನೆಗೆ ಕಳಿಸಬೇಡ. ಹೊಳೆದಂಡೆಯ ಮನೆಗೆ ಕಳಿಸು.

ಓಟಿಲಿ